ಹಾಸಿಗೆಯ ಹೊಟ್ಟೆಯಲ್ಲಿ

ನಮ್ಮಪ್ಪ ಹಾಸಿಗೆ ಅಂಗಡಿ ಮುಚ್ಚಿದ್ದು ಮಂಡಿನೋವಿನಿಂದ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ವಯಸ್ಸಾಯಿತು, ನೆಲದ ಮೇಲೆ ಕೂತು ಹೊಲಿಯಲು ಆಗಲಿಲ್ಲ, ಮರ್ಯಾದೆಯಾಗಿ ನಿವೃತ್ತರಾದರು ಎಂಬ ಮಾತು ಚಿಕ್ಕಪ್ಪನ ಬಾಯಿಂದ ಹೊರಟು, ಬೀದಿ ಬೀದಿ ಸುತ್ತಿ, ಕೊನೆಗೆ ನಮ್ಮ ಮನೆಗೇ ಬಂತು. ಅಪ್ಪನ ಮಂಡಿ ಸಾಯುವ ತನಕ ಗಟ್ಟಿಯಾಗಿಯೇ ಇತ್ತು. ಅವನು ಅಂಗಡಿ ಮುಚ್ಚಿದ್ದು ಹೇಸಿಗೆಯಿಂದ. ಹಾಸಿಗೆಗೂ ಹೇಸಿಗೆಗೂ ಇರುವುದು ಒಂದೇ ಅಕ್ಷರದ ದೂರ ಎಂದು ನಾನು ಚಿಕ್ಕವಳಿದ್ದಾಗ ತಮಾಷೆ ಮಾಡುತ್ತಿದ್ದೆ. ಆಮೇಲೆ ಆ ತಮಾಷೆ ಬಿಟ್ಟೆ.

ಅಂಗಡಿ ಅಂದರೆ ಒಂದರ ಹಿಂದೆ ಒಂದು ಎರಡು ಕೋಣೆ. ಮುಂದಿನದರಲ್ಲಿ ಪಟ್ಟೆ ಬಟ್ಟೆಯ ಥಾನುಗಳು ಗೋಡೆಗೊರಗಿ ನಿಂತಿರುತ್ತಿದ್ದವು. ಗಿರಾಕಿಗಳು ಬಂದು ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಬಣ್ಣ ಬಿಡುತ್ತದಾ ಎಂದು ಕೇಳಿ, ಬಿಡುವುದಿಲ್ಲ ಎಂದರೂ ನಂಬದೆ ಬೆರಳಿಗೆ ಉಗುಳು ಹಚ್ಚಿ ಉಜ್ಜಿ ನೋಡುತ್ತಿದ್ದರು. ಅಪ್ಪನಿಗೆ ಅದೊಂದು ಕಂಡರೆ ಆಗುತ್ತಿರಲಿಲ್ಲ. ಮುಖದ ಮೇಲೆ ನಗು ಇಟ್ಟುಕೊಂಡೇ ಅವರನ್ನು ಕಳಿಸಿ, ಉಗುಳು ತಾಗಿದ ತುದಿಯನ್ನು ಕತ್ತರಿಸಿ ಹೊರಗೆಸೆಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಅರಳೆ ಹಿಂಜುವ ಯಂತ್ರ. ಅದು ಶುರುವಾದರೆ ಮಾತು ಕೇಳುತ್ತಿರಲಿಲ್ಲ, ಎದುರಿಗಿದ್ದ ಮನುಷ್ಯ ಕಾಣುತ್ತಿರಲಿಲ್ಲ. ಹುಬ್ಬು, ಕಿವಿಯ ಕೂದಲು, ಕಿಟಕಿಯ ಸರಳು, ನೀರಿನ ಬಿಂದಿಗೆ, ಎಲ್ಲದರ ಮೇಲೂ ಬಿಳಿ ನವಿರು ಕೂತಿರುತ್ತಿತ್ತು. ಅಲ್ಲಿ ಜೇಡರ ಬಲೆಗಳು ಹಗ್ಗದಷ್ಟು ದಪ್ಪ.

ಹೊಸ ಹಾಸಿಗೆ ಮಾಡುವುದು ಅರ್ಧ ಕೆಲಸ. ಇನ್ನರ್ಧ ಹಳೇ ಹಾಸಿಗೆ ಬಿಚ್ಚುವುದು. ವರ್ಷಗಟ್ಟಲೆ ಮಲಗಿ ಗಂಟುಗಟ್ಟಿದ್ದನ್ನು ಜನ ಹೊತ್ತು ತಂದು ಹಾಕುತ್ತಿದ್ದರು. ಅದರ ಹೊಲಿಗೆ ಬಿಚ್ಚಿ, ಅರಳೆಯನ್ನು ಬಿಸಿಲಿಗೆ ಹರವಿ, ಹಿಂಜಿ, ಹೊಸ ಬಟ್ಟೆಗೆ ತುಂಬಿ, ದಬ್ಬಣದಿಂದ ಹೊಲಿದು ಕೊಡಬೇಕು. ಹೊರಗೆ ಹೂವಿನ ಚಾದರ ಹೊದ್ದು ಮಲಗಿರುವ ಹಾಸಿಗೆಯ ಹೊಟ್ಟೆಯಲ್ಲಿ ಏನೇನಿರುತ್ತದೆ ಎಂಬುದು ಬಿಚ್ಚಿದವರಿಗೇ ಗೊತ್ತು. ತಿಗಣೆಗಳ ದೊಡ್ಡ ದೊಡ್ಡ ಸಂಸಾರ, ಕಣ್ಣು ಬಿಡದ ಇಲಿಮರಿ, ಕತ್ತರಿಸಿದ ಉಗುರು, ನುಂಗದೆ ಅಡಗಿಸಿಟ್ಟ ಮಾತ್ರೆಗಳು, ಬೆವರೂ ಮತ್ತೇನೇನೋ ಸೇರಿ ಒಣಗಿ ಬರೆದ ಕಂದು ನಕಾಶೆ. ಅಪ್ಪ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಿಚ್ಚುತ್ತಿದ್ದ. ಯಾವುದು ಯಾರ ಮನೆಯದೆಂದು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಮರೆಯುತ್ತಲೂ ಇರಲಿಲ್ಲ. ಹಾಸಿಗೆ ನೋಡಿದ ಮನೆಯಲ್ಲಿ ಅವನಿಗೆ ಊಟ ಇಳಿಯುತ್ತಿರಲಿಲ್ಲ.

"ಅವರ ಮನೇಲಿ ಊಟಕ್ಕೆ ಕರೆದಿದ್ದಾರೆ ರೀ," ಎಂದು ಅಮ್ಮ ಹೇಳುತ್ತಿದ್ದಳು.

"ನೀನು ಹೋಗಿ ಬಾ. ನನಗೆ ಹಸಿವಿಲ್ಲ."

"ಊಟ ಇರೋದು ನಾಳಿದ್ದು. ನಾಳಿದ್ದಿನ ಹಸಿವು ಇವತ್ತೇ ಹೋಯ್ತಾ?"

ಹೀಗೆ ವರ್ಷಗಳು ಕಳೆದ ಹಾಗೆ ಊರಿನಲ್ಲಿ ಅಪ್ಪ ಊಟ ಮಾಡಬಹುದಾದ ಮನೆಗಳು ಒಂದೊಂದಾಗಿ ಕಮ್ಮಿಯಾಗುತ್ತಾ ಬಂದವು. ನನಗೆ ಗಂಡು ನೋಡುವಾಗ ಒಂದು ಒಳ್ಳೆಯ ಕಡೆಯಿಂದ ಮಾತು ಬಂತು. ಹುಡುಗ ಓದಿದವನು, ನೋಡಲು ಚೆನ್ನಾಗಿದ್ದ. ಅಪ್ಪ ಯಾರ ಮನೆ ಎಂದು ಕೇಳಿ ತಿಳಿದು, "ಬೇಡ" ಎಂದ. ಯಾಕೆ ಎಂದರೆ ಹೇಳಲಿಲ್ಲ. ಅಮ್ಮ ವಾರವಿಡೀ ಮಾತು ಬಿಟ್ಟಳು. ಆಮೇಲೆ ಬಂದದ್ದು ನನ್ನ ಗಂಡನ ಮನೆಯವರ ಮಾತು. ಹುಡುಗನ ಬಗ್ಗೆ ನಿಮಗೇನನ್ನಿಸುತ್ತೆ ಎಂದು ಅಮ್ಮ ಕೇಳಿದಾಗ ಅಪ್ಪ, "ಅವರು ಹಾಸಿಗೆ ಬಿಸಿಲಿಗೆ ಹಾಕ್ತಾರೆ," ಎಂದನಂತೆ. ಅಷ್ಟಕ್ಕೇ ಮದುವೆ ನಡೆಯಿತು. ನನ್ನ ಗಂಡ ಒಳ್ಳೆಯವನೇ.

ಅಪ್ಪನ ಮೂಗು ಊರಿಗೇ ಗೊತ್ತಿತ್ತು. ಅರಳೆಯ ಮೂಟೆ ಬಂದರೆ ಕೈ ಹಾಕಿ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ಮೂಸುತ್ತಿದ್ದ. ನೆನೆದು ಒಣಗಿದ್ದು, ಹಳೆಯದಕ್ಕೆ ಹೊಸದು ಬೆರೆಸಿದ್ದು, ಯಾವುದಿದ್ದರೂ ಹೇಳಿ ಮೂಟೆ ವಾಪಸು ಕಳಿಸುತ್ತಿದ್ದ. ಮೊದಮೊದಲು ಮೂಗಿನಣ್ಣ ಎಂದು ಕರೆಯುತ್ತಿದ್ದದ್ದು ಆಡುತ್ತಾ ಆಡುತ್ತಾ ಸವೆದು ಮೂಗಣ್ಣ ಆಯಿತು. ಇದರಿಂದ ಒಂದು ಫಜೀತಿ. ಹೊಸದಾಗಿ ಊರಿಗೆ ಬಂದವರು ಈತನಿಗೆ ಮಾತು ಬಾರದೆಂದುಕೊಂಡು, ಅಂಗಡಿಯ ಮುಂದೆ ನಿಂತು ಎರಡೂ ಕೈ ಚಾಚಿ ಹಾಸಿಗೆಯ ಉದ್ದ ತೋರಿಸಿ, ತಲೆ ವಾಲಿಸಿ ನಿದ್ದೆ ಮಾಡುವ ಹಾಗೆ ಅಭಿನಯಿಸುತ್ತಿದ್ದರು. ಅಪ್ಪ ಎಲ್ಲ ಮುಗಿಯುವ ತನಕ ನೋಡಿ, "ದಿಂಬು ಬೇಡವಾ?" ಎಂದು ಕೇಳುತ್ತಿದ್ದ.

ಅಪ್ಪನ ಜೊತೆ ಬಹಳ ವರ್ಷ ದುಡಿದವಳು ಒಬ್ಬ ಹೆಂಗಸು. ಅವಳ ಹೊಲಿಗೆ ಎಷ್ಟು ನೇರವೆಂದರೆ ಎಲ್ಲರೂ ಅವಳನ್ನು ದಬ್ಬಣದಕ್ಕ ಎನ್ನುತ್ತಿದ್ದರು. ನನ್ನನ್ನು ಎತ್ತಿ ಆಡಿಸಿದವಳು. ಹಿಂಜಿದ ಅರಳೆಯ ರಾಶಿಯಲ್ಲಿ ನನ್ನನ್ನು ಕೂರಿಸಿ, ತಾನು ಹೊಲಿಯುತ್ತಾ ಕೂರುತ್ತಿದ್ದಳು.

ಚಿಕ್ಕಪ್ಪ ಅಂಗಡಿಗೆ ಬಂದದ್ದು ತಡವಾಗಿ. ಅದಕ್ಕೆ ಮೊದಲು ಅವನು ಕೈ ಹಾಕದ ವ್ಯಾಪಾರವಿಲ್ಲ, ಕೈ ಸುಟ್ಟುಕೊಳ್ಳದ ವ್ಯಾಪಾರವೂ ಇಲ್ಲ. ಮಾತು ಮಾತ್ರ ಬೆಣ್ಣೆ. ಇಸ್ತ್ರಿ ಮಾಡಿದ ಅಂಗಿ, ಮೈತುಂಬ ಸೆಂಟು. ಅವನು ಹಿಂದಿನ ಕೋಣೆಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಬಾಗಿಲಲ್ಲೇ ನಿಂತು ಕರವಸ್ತ್ರದಿಂದ ಭುಜ ಕೊಡವಿಕೊಳ್ಳುತ್ತಾ, "ಅಣ್ಣಾ, ಮಾಡೋದು ನೀನು ಮಾಡು, ಕೊಳ್ಳೋದು ಮಾರೋದು ನನಗೆ ಬಿಡು," ಎಂದ. ಅಪ್ಪನಿಗೆ ಗಿರಾಕಿಗಳ ಜೊತೆ ಚೌಕಾಸಿ ಮಾಡುವುದು ಯಾವತ್ತೂ ಸೇರದು. ಒಪ್ಪಿದ. ಚಿಕ್ಕಪ್ಪ ಹಾಸ್ಟೆಲುಗಳ, ಲಾಡ್ಜುಗಳ ದೊಡ್ಡ ದೊಡ್ಡ ಆರ್ಡರು ತಂದ. ಅರಳೆಯನ್ನೂ ಹೊಸ ಕಡೆಯಿಂದ ತರಿಸತೊಡಗಿದ. ಅದು ಮೊದಲೇ ಬೆಳ್ಳಗೆ ತೊಳೆದದ್ದು, ನೋಡಲು ನೊರೆಯ ಹಾಗೆ.

ಅದೇ ಹೊತ್ತಿಗೆ ಅಪ್ಪನ ಮೂಗು ಸತ್ತಿತ್ತು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಕುಡಿದ ಧೂಳು, ಮೇಲೆ ಒಂದು ಕೆಟ್ಟ ಜ್ವರ. ಜ್ವರ ಬಿಟ್ಟು ಎದ್ದಾಗ ವಾಸನೆ ಎನ್ನುವುದೇ ಇರಲಿಲ್ಲವಂತೆ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಬರಲಿಲ್ಲ. ಮೂಗಣ್ಣನಿಗೆ ಮೂಗಿಲ್ಲ ಎಂದು ಹೇಳಲು ಅವನಿಗೆ ಬಾಯಿಯೂ ಬರಲಿಲ್ಲ. ಮೂಟೆ ಬಂದಾಗ ಹಿಂದಿನ ಹಾಗೆಯೇ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ, ಮೂಸಿ, "ಆಯ್ತು, ಇಳಿಸಿ" ಎನ್ನುತ್ತಿದ್ದ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಅವನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. ಅಮ್ಮ ಅದನ್ನು ಸೋಮಾರಿತನ ಎಂದುಕೊಂಡಳು.

ಮೊದಲು ಗೊತ್ತಾದದ್ದು ದಬ್ಬಣದಕ್ಕನಿಗೆ. ಅವಳ ಬೆರಳ ಸಂದಿಗಳಲ್ಲಿ ಗುಳ್ಳೆ ಎದ್ದವು. ಕೆರೆದು ಕೆರೆದು ಹುಣ್ಣಾಯಿತು. ಒಂದು ದಿನ ಅವಳು ಯಂತ್ರ ನಿಲ್ಲಿಸಿ ಅಪ್ಪನ ಮುಂದೆ ಬಂದು ನಿಂತಳು.

"ಅಣ್ಣ, ಈ ಅರಳೆ ಒಂಥರಾ ಇದೆ. ನಿಮ್ಮ ಮೂಗಿಗೆ ಏನೂ ಬರಲ್ವಾ?"

"ಏನು ಬರಬೇಕು?"

"ನೀವೇ ಹೇಳಿ."

"ಒಳ್ಳೆ ಅರಳೆ. ನಾನು ನೋಡಿಯೇ ಇಳಿಸಿಕೊಂಡಿದ್ದು. ಕೈಗೆ ಎಣ್ಣೆ ಹಚ್ಚಿಕೋ, ಹೋಗ್ತದೆ."

ಅವಳು ಅವನ ಮುಖವನ್ನೇ ನೋಡಿದಳಂತೆ. ದಬ್ಬಣವನ್ನು ಬಟ್ಟೆಗೆ ಚುಚ್ಚಿಟ್ಟು, ಸೆರಗು ಕೊಡವಿಕೊಂಡು ಮನೆಗೆ ಹೋದಳು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳಿಗೆ ಈಗೀಗ ಜಂಬ ಬಂದಿದೆ ಎಂದು ಚಿಕ್ಕಪ್ಪ ಹೇಳಿದ.

ನನ್ನ ಮಗಳು ಹುಟ್ಟಿದ ಮೇಲೆ ನಾನು ಅವಳನ್ನು ಕರೆದುಕೊಂಡು ಕೆಲವು ಕಾಲ ತವರಿನಲ್ಲಿದ್ದೆ. ಅಪ್ಪ ಮೊಮ್ಮಗಳಿಗೆಂದು ಪುಟ್ಟ ಹಾಸಿಗೆ ಹೊಲಿದು ತಂದ. ಮೊಲದ ಚಿತ್ರವಿದ್ದ ಬಟ್ಟೆ, ಸುತ್ತಲೂ ಎರಡೆರಡು ಹೊಲಿಗೆ, ಅಂಗೈಯಗಲದ ದಿಂಬು. ಅಷ್ಟು ಚಂದದ ಕೆಲಸವನ್ನು ಅವನು ಇನ್ಯಾರಿಗೂ ಮಾಡಿರಲಿಲ್ಲ. ಮಗು ಅದರ ಮೇಲೆ ಮಲಗಿತು, ಮಕ್ಕಳು ಮಾಡುವಂತೆ ಒದ್ದೆ ಮಾಡಿತು, ನಾವು ಒಣಗಿಸಿದೆವು. ಸ್ವಲ್ಪ ದಿನಕ್ಕೆ ಮಗುವಿನ ಬೆನ್ನಿನ ತುಂಬ ಕೀವುಗುಳ್ಳೆ. ಡಾಕ್ಟರು ಸೆಖೆಗೆ ಎಂದರು. ಅಮ್ಮ ಸೋಪು ಬದಲಾಯಿಸಿದಳು, ನೀರು ಬದಲಾಯಿಸಿದಳು. ಗುಳ್ಳೆ ಒಡೆದವು, ಹೊಸದಾಗಿ ಎದ್ದವು.

ಒಂದು ಮಧ್ಯಾಹ್ನ ಅಮ್ಮ ಒದ್ದೆ ಹಾಸಿಗೆಯನ್ನು ಹಿತ್ತಲಿನ ತಂತಿಗೆ ಹಾಕಿದವಳು ಅಲ್ಲೇ ನಿಂತುಬಿಟ್ಟಳು. ಮತ್ತೆ ಹತ್ತಿರ ಹೋಗಿ ಮೂಸಿದಳು.

"ಇದು ಮಗುವಿನ ವಾಸನೆ ಅಲ್ಲ ಕಣೇ," ಎಂದಳು.

ಕತ್ತರಿ ತಂದು ಅಂಚಿನ ಹೊಲಿಗೆ ಬಿಚ್ಚಿದಳು. ಮೇಲಿನ ಪದರ ಬೆಳ್ಳಗಿತ್ತು. ಅದರ ಕೆಳಗಿನದನ್ನು ಎಳೆದಾಗ ಉಂಡೆ ಉಂಡೆಯಾಗಿ ಬಂತು. ಕೆಲವು ಉಂಡೆಗಳು ನಡುವೆ ಗಟ್ಟಿಯಾಗಿ, ತುಕ್ಕಿನ ಬಣ್ಣಕ್ಕಿದ್ದವು. ನೀರು ತಾಗಿ ಮತ್ತೆ ಹಸಿಯಾದ ಅಂಚು ಬೆರಳಿಗೆ ಅಂಟುತ್ತಿತ್ತು. ಬಲೆಯಂಥ ತೆಳು ಬಟ್ಟೆಯ ಚೂರುಗಳು, ಗಾಯಕ್ಕೆ ಕಟ್ಟುವಂಥವು. ಅಂಟುಪಟ್ಟಿಯ ತುಂಡೊಂದರಲ್ಲಿ ಯಾರದೋ ಮೈಯ ಕೂದಲು ಇನ್ನೂ ಅಂಟಿಕೊಂಡಿತ್ತು. ಅಮ್ಮ ಕೈಯಲ್ಲಿದ್ದದ್ದನ್ನು ಬಿಸಾಡಿ ನಲ್ಲಿಯ ಹತ್ತಿರ ಓಡಿದಳು. ನಾನು ಒಳಗೆ ಹೋಗಿ ಮಲಗಿದ್ದ ಮಗುವನ್ನು ಎತ್ತಿಕೊಂಡು, ಅದರ ಬೆನ್ನು ನೋಡುತ್ತಾ ನಿಂತೆ.

ಅಪ್ಪ ಊಟಕ್ಕೆ ಬಂದಾಗ ಅಮ್ಮ ಅವನ ಮುಂದೆ ತಟ್ಟೆ ಇಡಲಿಲ್ಲ. ಬಿಚ್ಚಿದ ಹಾಸಿಗೆಯನ್ನು ಇಟ್ಟಳು. ಅಪ್ಪ ಬಹಳ ಹೊತ್ತು ನೋಡಿದ. ಕಡ್ಡಿಯಿಂದ ಕೆದಕಿದ. ಆಮೇಲೆ ಒಂದು ಉಂಡೆಯನ್ನು ಬರಿಗೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದ.

"ಬಿಡ್ರೀ, ಮೂಸಬೇಡಿ ಅದನ್ನ," ಎಂದಳು ಅಮ್ಮ.

"ನನಗೆ ಬರ್ತಿಲ್ಲ," ಎಂದ ಅಪ್ಪ.

"ಏನು ಬರ್ತಿಲ್ಲ?"

"ವಾಸನೆ. ಯಾವುದೂ ಬರಲ್ಲ. ಜ್ವರ ಬಂದಾಗಿಂದ."

ಅಮ್ಮ ಅವನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಗೋಡೆಗೊರಗಿ ಕೂತು, "ಅಯ್ಯೋ ನಿಮ್ಮ," ಎಂದಳು ಅಷ್ಟೇ.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಹೋದ. ಅಲ್ಲಿಂದ ನನ್ನನ್ನು ಕರೆದ. "ನೀನೂ ಬಾ. ನನಗೆ ನಿನ್ನ ಮೂಗು ಬೇಕು."

ಅರಳೆಯ ಮೂಟೆಗಳು ಬರುತ್ತಿದ್ದದ್ದು ಊರ ಹೊರಗಿನ ಒಂದು ಶೆಡ್ಡಿನಿಂದ. ಗಾಡಿಯವನಿಗೆ ದಾರಿ ಗೊತ್ತಿತ್ತು. ಅಪ್ಪ ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಕೊಳಚೆ ನೀರಿನ ಕಾಲುವೆಯ ಪಕ್ಕ ತಗಡಿನ ಮಾಡು, ಅದರಡಿ ಸಿಮೆಂಟಿನ ತೊಟ್ಟಿಗಳು. ಒಂದು ಮೂಲೆಯಲ್ಲಿ ಆಸ್ಪತ್ರೆಗಳ ಹಿಂಬಾಗಿಲಿನಿಂದ ಬಂದ ಚೀಲಗಳು ಬಾಯಿ ಬಿಚ್ಚಿ ಬಿದ್ದಿದ್ದವು. ನಾಯಿಯೊಂದು ಅದರಿಂದ ಏನನ್ನೋ ಎಳೆದು ತಿನ್ನುತ್ತಿತ್ತು. ನೊಣಗಳು ನಮ್ಮನ್ನು ಕಂಡು ಏಳಲೂ ಇಲ್ಲ. ತೊಟ್ಟಿಯಲ್ಲಿ ಬಿಳಿ ನೊರೆಯ ಅಡಿಯಲ್ಲಿ ನೀರು ಚಹಾದ ಬಣ್ಣಕ್ಕಿತ್ತು. ತೊಳೆದದ್ದನ್ನು ತಂತಿಯ ಮೇಲೆ ಒಣಹಾಕಿದ್ದರು. ದೂರದಿಂದ ನೋಡಿದರೆ ಮೋಡದ ಹಾಗೆ ಕಾಣುತ್ತಿತ್ತು.

"ಏನು ವಾಸನೆ, ಹೇಳು," ಎಂದ ಅಪ್ಪ.

"ಬ್ಲೀಚಿಂಗ್ ಪೌಡರು."

"ಅದರ ಕೆಳಗೆ?"

"ಬೇಡಪ್ಪಾ. ಹೋಗೋಣ ಬಾ."

"ಹೇಳು ಅಂದೆ."

"ಹುಣ್ಣಿನ ವಾಸನೆ," ಎಂದೆ. "ಕೊಳೆತ ಹಣ್ಣಿನ ಥರ. ಸಿಹಿಯಾಗಿ."

ಅಪ್ಪ ತಲೆಯಾಡಿಸಿದ. ಅಷ್ಟರಲ್ಲಿ ಯಾರೋ ಫೋನು ಮಾಡಿರಬೇಕು, ಚಿಕ್ಕಪ್ಪನ ಸ್ಕೂಟರು ಬಂತು.

"ಅಣ್ಣಾ, ನೀನ್ಯಾಕೆ ಇಲ್ಲಿಗೆ ಬಂದೆ? ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ನಲ್ಲ."

"ಇದನ್ನ ತುಂಬಿದ್ದು ನಾನು," ಎಂದ ಅಪ್ಪ. "ಈ ಕೈಯಲ್ಲಿ."

"ತೊಳೆದಿದ್ದಲ್ವಾ ಅಣ್ಣಾ. ಬ್ಲೀಚ್ ಹಾಕಿದ ಮೇಲೆ ಏನೂ ಉಳಿಯಲ್ಲ. ನಮ್ಮ ಬಟ್ಟೆ ಕೊಳೆಯಾದ್ರೆ ಒಗೆದು ಹಾಕ್ಕೊಳಲ್ವಾ? ಹಾಗೇನೇ."

"ಮಗು ಮಲಗಿತ್ತು ಕಣೋ ಅದರ ಮೇಲೆ."

ಚಿಕ್ಕಪ್ಪ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಗಾಬರಿ ಕಂಡಿತು. ಅವನಲ್ಲೂ ಎಲ್ಲೋ ಮನುಷ್ಯನಿದ್ದಾನೆ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಅವನು, "ಮನೆಗೆ ಅಂತ ಹೇಳಬಾರದಿತ್ತಾ? ಬೇರೆ ಮೂಟೆ ಕೊಡಿಸ್ತಿದ್ದೆ," ಎಂದ.

ಅಪ್ಪ ಅವನ ಹತ್ತಿರ ಹೋದ. "ನಿನ್ನ ಮನೆ ಹಾಸಿಗೆಯಲ್ಲಿ ಏನಿದೆ?"

"ನಮ್ಮದು ಫೋಮು ಅಣ್ಣಾ."

ಅಪ್ಪ ತೊಟ್ಟಿಯ ಅಂಚು ಹಿಡಿದು ಬಗ್ಗಿ ವಾಂತಿ ಮಾಡಿದ. ಊಟ ಮಾಡಿರಲಿಲ್ಲವಾದ್ದರಿಂದ ಬರೀ ಹಳದಿ ನೀರು ಬಂತು. ಚಿಕ್ಕಪ್ಪ ಬೆನ್ನು ಸವರಲು ಕೈ ನೀಡಿದ. "ಮುಟ್ಟಬೇಡ," ಎಂದ ಅಪ್ಪ. ಆಮೇಲೆ ಬದುಕಿರುವ ತನಕ ಅವನು ತಮ್ಮನಿಗೆ ತನ್ನನ್ನು ಮುಟ್ಟಲು ಬಿಡಲಿಲ್ಲ.

ಮಾರಿದ ಹಾಸಿಗೆಗಳನ್ನೆಲ್ಲ ವಾಪಸು ತರಿಸು ಎಂದು ಅಪ್ಪ ಹೇಳಿದ. ಚಿಕ್ಕಪ್ಪ, "ಹುಚ್ಚು ಹಿಡಿದಿದೆಯಾ? ಬೀದಿಗೆ ಬರ್ತೀವಿ," ಎಂದ. ಹಾಗಾಗಿ ಅಪ್ಪನೇ ಹೊರಟ. ಮೊದಲು ಹಾಸ್ಟೆಲಿಗೆ. ಅಲ್ಲಿನ ವಾರ್ಡನ್ನು ಕಾಲಿನ ಮೇಲೆ ಕಾಲು ಹಾಕಿ ಕೂತು ಎಲ್ಲ ಕೇಳಿ, "ಹುಡುಗರು ಮಲಗ್ತಾ ಇದ್ದಾರಲ್ಲ, ಯಾರೂ ದೂರು ಕೊಟ್ಟಿಲ್ಲ. ನೀವ್ಯಾಕೆ ಇಲ್ಲದ್ದು ಎಬ್ಬಿಸ್ತೀರಿ?" ಎಂದ. ಲಾಡ್ಜಿನ ಮ್ಯಾನೇಜರನಿಗೆ ಸಂತೋಷವೇ ಆಯಿತು. ಅಗ್ಗಕ್ಕೆ ಸಿಗುವ ಕಾರಣ ಇದಾ, ಹಾಗಾದರೆ ಇನ್ನೂ ಸ್ವಲ್ಪ ಇಳಿಸಿ ಕೊಡಿ ಎಂದು ಕೇಳಿದ. ಹೊಸ ಬಡಾವಣೆಯ ಒಬ್ಬ ಹೆಂಗಸು ಅಪ್ಪ ಹೇಳಿದ್ದು ಕೇಳಿ ಕೂಗಾಡಿ, ಹಾಸಿಗೆಯನ್ನು ಎಳೆದು ತಂದು ಬೀದಿಗೆ ಎಸೆದಳು. ಅವನು ಗಾಡಿ ತರುವಷ್ಟರಲ್ಲಿ ಎದುರು ಮನೆಯವರು ಅದನ್ನು ಒಳಗೆ ಸಾಗಿಸಿದ್ದರು. ಅಪ್ಪ ಅವರ ಬಾಗಿಲು ತಟ್ಟಿದ. ನಮಗೆ ನಡೆಯುತ್ತೆ ಬಿಡಿ ಎಂದರು.

ತಂದುಕೊಟ್ಟವರಿಗೆ ಒಳ್ಳೆಯ ಅರಳೆ ತುಂಬಿ ಹೊಸ ಹಾಸಿಗೆ ಕೊಡುತ್ತೇನೆ ಎಂದು ಅಪ್ಪ ಅಂಗಡಿಯ ಮುಂದೆ ಬರೆಸಿ ಹಾಕಿದ. ಮಾರನೆಯ ದಿನವೇ ಸಾಲು. ಆದರೆ ಬಂದ ಹಾಸಿಗೆಗಳಲ್ಲಿ ಅರ್ಧಕ್ಕರ್ಧ ನಮ್ಮ ಅಂಗಡಿಯವೇ ಅಲ್ಲ. ಯಾವ ಕಾಲದ್ದೋ, ತೆಂಗಿನ ನಾರಿನವು, ಚಿಂದಿ ತುಂಬಿದವು, ಸತ್ತವರು ಮಲಗಿದ್ದವು, ಎಲ್ಲವನ್ನೂ ಹೊತ್ತು ತಂದು, "ನಿಮ್ಮಲ್ಲೇ ತಗೊಂಡಿದ್ದು, ಮೈಯೆಲ್ಲ ಕಜ್ಜಿ ಆಗಿದೆ ನೋಡಿ," ಎಂದು ತೋಳು ಏರಿಸಿ ತೋರಿಸುವವರು. ಸೊಳ್ಳೆ ಕಡಿದದ್ದನ್ನು ತೋರಿಸಿದವರೂ ಇದ್ದರು. ಅಪ್ಪನಿಗೆ ತನ್ನ ಹೊಲಿಗೆಯ ಗುರುತು ಹತ್ತದೇ ಇರುತ್ತದೆಯೇ? ಆದರೂ ಅವನು ವಾದ ಮಾಡಲಿಲ್ಲ. ಅರಳೆ ಇರುವ ತನಕ ಹೊಲಿದುಕೊಟ್ಟ. ಸಂಜೆ ಮನೆಗೆ ಬಂದು ಅಮ್ಮನಿಗೆ, "ಹಾಸಿಗೆ ಒಳಗೆ ಇರೋದೇ ಹೊರಗೂ ಇದೆ ಕಣೇ," ಎಂದ.

ಆರೋಗ್ಯ ಇಲಾಖೆಗೂ ಹೇಳಿ ಬಂದ. ಒಬ್ಬ ಅಧಿಕಾರಿ ಬಂದು ಅಂಗಡಿಯನ್ನು ಸುತ್ತಿ ನೋಡಿ, ಪರೀಕ್ಷೆಗೆ ಬೇಕು ಎಂದು ಎರಡು ದಿಂಬು ತೆಗೆದುಕೊಂಡ. ಸಂಶಯದ ಮೂಟೆಯವನ್ನಲ್ಲ, ಒಳ್ಳೆಯ ಅರಳೆಯವನ್ನು, ಒತ್ತಿ ಒತ್ತಿ ನೋಡಿ ಆರಿಸಿಕೊಂಡ. ತಗಡಿನ ಶೆಡ್ಡು ಮಾತ್ರ ಮರುವಾರಕ್ಕೆ ಖಾಲಿಯಾಗಿತ್ತು. ಕಾಲುವೆಯ ಇನ್ನೊಂದು ತಿರುವಿಗೆ ಹೋಗಿದೆ ಎಂದು ಗಾಡಿಯವನು ಹೇಳಿದ.

ಅಪ್ಪ ಯಂತ್ರವನ್ನು ಗುಜರಿಗೆ ಹಾಕಿದ. ಕಿಟಕಿಯ ಸರಳುಗಳನ್ನೂ ಬಿಡದೆ ಎರಡೂ ಕೋಣೆಗಳನ್ನು ತಾನೇ ತೊಳೆದು, ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟುಬಂದ.

ಆಮೇಲೆ ಅವನು ಹೋದದ್ದು ದಬ್ಬಣದಕ್ಕನ ಮನೆಗೆ. ನಾನೂ ಹೋಗಿದ್ದೆ. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಬೆರಳುಗಳ ಚರ್ಮ ಇನ್ನೂ ಕಪ್ಪಾಗಿ, ಸುಟ್ಟ ಹಾಗಿತ್ತು. ಅಪ್ಪ ಮೆಟ್ಟಿಲ ಕೆಳಗೇ ನಿಂತ.

"ನಿನ್ನ ಮಾತು ನಾನು ಕೇಳಲಿಲ್ಲಮ್ಮ," ಎಂದ.

"ನಿಮಗೆ ವಾಸನೆ ಬರ್ತಿಲ್ಲ ಅಂತ ನನಗೆ ಗೊತ್ತಿತ್ತು ಅಣ್ಣ," ಎಂದಳು ಅವಳು. "ನೀವೇ ಹೇಳ್ತೀರೇನೋ ಅಂತ ಕಾದೆ. ನೀವು ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದ್ರಿ. ಕೈ ಹುಣ್ಣಾಗಿದ್ದು ವಾಸಿಯಾಯ್ತು. ಅದು ಆಗಲಿಲ್ಲ."

ಅವಳು ಬೈಯಲಿಲ್ಲ, ಕೂರಲೂ ಹೇಳಲಿಲ್ಲ. ಪಾತ್ರೆ ತಿಕ್ಕುವುದನ್ನು ಮುಂದುವರಿಸಿದಳು. ನಾವು ವಾಪಸು ಬಂದೆವು. ದಾರಿಯಲ್ಲಿ ಅಪ್ಪ, "ಅವಳು ಸರಿಯಾಗಿ ಹೇಳಿದಳು," ಎಂದ. ಆ ದಿನಗಳಲ್ಲಿ ಅವನಿಗೆ ಸರಿಯೆನ್ನಿಸಿದ ಮಾತು ಅದೊಂದೇ.

ಚಿಕ್ಕಪ್ಪ ಮುಖ್ಯರಸ್ತೆಯಲ್ಲಿ ಫೋಮಿನ ಹಾಸಿಗೆಗಳ ದೊಡ್ಡ ಅಂಗಡಿ ತೆರೆದ. ಗಾಜಿನ ಬಾಗಿಲು, ಮಿನುಗುವ ಬೋರ್ಡು. ವರ್ತಕರ ಸಂಘಕ್ಕೆ ಅವನೇ ಅಧ್ಯಕ್ಷನಾದ. ಅಧ್ಯಕ್ಷನಾದವನು ಮಾಡಿದ ಮೊದಲ ಕೆಲಸವೆಂದರೆ ನಿವೃತ್ತರಾದ ಹಿರಿಯ ವ್ಯಾಪಾರಿ ಎಂದು ಅಪ್ಪನಿಗೆ ಸನ್ಮಾನ ಇಟ್ಟದ್ದು. ಅಮ್ಮ ಹೋಗಬೇಡಿ ಎಂದಳು. ಅಪ್ಪ ಹೋಗುತ್ತೇನೆ ಎಂದ. ಯಾಕೆಂದು ನನಗೆ ಗೊತ್ತಿತ್ತು. ಅಷ್ಟು ಜನ ಒಟ್ಟಿಗೆ ಸೇರುವುದು, ಕೈಗೆ ಮೈಕು ಸಿಗುವುದು ಮತ್ತೆ ಯಾವಾಗ?

ಸಭಾಂಗಣದಲ್ಲಿ ಸೆಖೆ. ಹಿಂದಿನಿಂದ ಅಡುಗೆಯ ವಾಸನೆ ಬರುತ್ತಿತ್ತು, ಜನ ಆಗಲೇ ಅತ್ತ ತಿರುಗಿ ತಿರುಗಿ ನೋಡುತ್ತಿದ್ದರು. ಒಬ್ಬ ಭಾಷಣಕಾರ ಅಪ್ಪನನ್ನು ಊರಿಗೆಲ್ಲ ಸುಖನಿದ್ದೆ ಕೊಟ್ಟ ಪುಣ್ಯಾತ್ಮ ಎಂದ. ಚಿಕ್ಕಪ್ಪ ಫಲಕ ಕೊಡುವಾಗ ಕೈಗೆ ಕೈ ತಾಗದಂತೆ ಅಪ್ಪ ಅದರ ಕೆಳತುದಿಯನ್ನು ಹಿಡಿದುಕೊಂಡ. ಆಮೇಲೆ ಮೈಕಿನ ಮುಂದೆ ನಿಂತ.

"ನಾವು ನಿಮ್ಮನ್ನ ಆಸ್ಪತ್ರೆ ಕಸದ ಮೇಲೆ ಮಲಗಿಸಿದ್ವಿ," ಎಂದ. "ನಾನೂ ನನ್ನ ತಮ್ಮನೂ. ಸುಮ್ಮನೆ ಹೇಳ್ತಿಲ್ಲ. ನಿಮ್ಮ ಹಾಸಿಗೆ ಬಿಚ್ಚಿ ನೋಡಿ."

ಚಿಕ್ಕಪ್ಪ ನಗುತ್ತಾ ಪಕ್ಕಕ್ಕೆ ಬಂದು ಮೈಕನ್ನು ತನ್ನ ಕಡೆ ಬಗ್ಗಿಸಿಕೊಂಡ. "ನಮ್ಮಣ್ಣ ಯಾವಾಗಲೂ ಹೀಗೇ. ತನ್ನ ಕೆಲಸ ತನಗೇ ಕಸ. ಅಷ್ಟು ವಿನಯ." ಯಾರೋ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಹಾಸ್ಟೆಲಿನ ವಾರ್ಡನ್ನೂ ಅಲ್ಲಿದ್ದ, ಅವನೂ ತಟ್ಟಿದ. ನಾನು ಎದ್ದು ನಿಂತು, ಅದು ನಿಜ ಎಂದು ಕೂಗಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಸೆರಗು ಎಳೆದು, "ಕೂತ್ಕೊಳಮ್ಮ, ಫೋಟೋ ತೆಗೀತಿದ್ದಾರೆ," ಎಂದಳು. ಆ ಹೊತ್ತಿಗೆ ಕುರ್ಚಿಗಳು ಸರಿಯುವ ಸದ್ದು ಶುರುವಾಗಿತ್ತು, ಜನ ಊಟಕ್ಕೆ ಏಳುತ್ತಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಆ ಮಾತನ್ನು ಇನ್ನೆಲ್ಲೂ ಆಡಲಿಲ್ಲ. ಮುಂದಿನ ವರ್ಷಗಳಲ್ಲಿ ಅವನು ಜನರಿಂದ ದೂರವೇ ಉಳಿದ. ಯಾರಾದರೂ ಕೈ ಕುಲುಕಿದರೆ ಒಳಗೆ ಹೋಗಿ ತೊಳೆದುಕೊಳ್ಳುತ್ತಿದ್ದ. ತೊಳೆದು ತೊಳೆದು ಅವನ ಅಂಗೈ ಬಿರುಕು ಬಿಟ್ಟಿತ್ತು. ಡಾಕ್ಟರು ಮಾತ್ರೆ ಕೊಟ್ಟರು, ಅಮ್ಮ ಸೋಪನ್ನು ಬಚ್ಚಿಟ್ಟಳು. ನನ್ನ ಮಗಳ ಬೆನ್ನಿನ ಮೇಲೆ ಕಲೆಗಳು ಉಳಿದವು. ಅವಳು ತಾತನ ಮುಂದೆ ಅಂಗಿ ಬಿಚ್ಚಿ ಓಡಾಡಿದರೆ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಆದರೆ ಅವಳಿಗೆ ಹೊಲಿಗೆ ಕಲಿಸಿದ. ಇಬ್ಬರೂ ಕೂತು ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದರು. ಆಗ ಮಾತ್ರ ಅವನ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಒಂದು ಮಳೆಗಾಲದ ಬೆಳಗ್ಗೆ, ಕುರ್ಚಿಯಲ್ಲಿ ಕೂತಲ್ಲೇ ಹೋದ.

ಚಿಕ್ಕಪ್ಪ ಬಂದು ಎಲ್ಲರಿಗಿಂತ ಜೋರಾಗಿ ಅತ್ತ. ನನ್ನನ್ನು ತಬ್ಬಿಕೊಂಡು ಅವನ ಸೆಂಟನ್ನೆಲ್ಲ ನನ್ನ ಭುಜಕ್ಕೆ ಮೆತ್ತಿದ. ನಾನು ಕೊಸರಿಕೊಳ್ಳಲಿಲ್ಲ, ಜನ ನೋಡುತ್ತಿದ್ದರು. ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಸ್ವಲ್ಪ ದಿನಗಳ ಮೇಲೆ ಮುಖ್ಯರಸ್ತೆಯಲ್ಲಿ ಹೋಗುವಾಗ ಚಿಕ್ಕಪ್ಪನ ಅಂಗಡಿಯ ಗಾಜಿನೊಳಗೆ ಅಪ್ಪನ ಮುಖ ಕಂಡಿತು. ಸನ್ಮಾನದ ದಿನದ ಫೋಟೋ. ದೊಡ್ಡದು ಮಾಡಿಸಿ, ಚಿನ್ನದ ಬಣ್ಣದ ಫ್ರೇಮು ಹಾಕಿಸಿ, ಕ್ಯಾಷ್ ಕೌಂಟರಿನ ಮೇಲೆ ತೂಗುಹಾಕಿದ್ದರು. ಕೆಳಗೆ "ನಮ್ಮ ಹಿರಿಯರು, ನಮ್ಮ ನಂಬಿಕೆ" ಎಂದು ಬರೆಸಿದ್ದರು. ನಾನು ಒಳಗೆ ಹೋದೆ. ಚಿಕ್ಕಪ್ಪನ ಮಗ ಕೂತಿದ್ದ.

"ಇದನ್ನ ತೆಗಿ," ಎಂದೆ.

"ಯಾಕಕ್ಕಾ? ದೊಡ್ಡಪ್ಪನ ಮುಖ ನೋಡಿದ್ರೆ ಗಿರಾಕಿಗಳಿಗೆ ಒಂದು ಧೈರ್ಯ. ಎಷ್ಟು ಜನ ಕೇಳ್ತಾರೆ ಗೊತ್ತಾ?"

ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೀಗೆ ಹೇಳಲು ತನ್ನಪ್ಪನಿಂದ ಕಲಿತಿದ್ದನೋ, ನನಗೆ ತಿಳಿಯಲಿಲ್ಲ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಹತ್ತಿ ಫೋಟೋ ಇಳಿಸಿದೆ. ಹಾಸಿಗೆ ಒತ್ತಿ ನೋಡುತ್ತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಚಿಕ್ಕಪ್ಪನ ಮಗ ನನ್ನನ್ನು ತಡೆಯಲಿಲ್ಲ. ಆಮೇಲೆ ಇನ್ನೊಂದು ಪ್ರತಿ ಹಾಕಿಸಿದರೋ ಇಲ್ಲವೋ, ನಾನು ಆ ರಸ್ತೆಗೆ ಹೋಗುವುದಿಲ್ಲ.

ನಾನು ಮನೆಗೆ ತಂದ ಫೋಟೋವನ್ನು ಅಮ್ಮ ಊಟದ ಮೇಜಿನ ಮೇಲಿಡಲು ಬಿಡಲಿಲ್ಲ. ಹಿತ್ತಲಿಗೆ ತರಿಸಿ, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ, ಅಪ್ಪನ ಚಿತ್ರವನ್ನು ಮಾತ್ರ ಬಿಡಿಸಿಕೊಂಡಳು. ಪಕ್ಕದಲ್ಲಿದ್ದ ಚಿಕ್ಕಪ್ಪನ ಅರ್ಧ ತೋಳನ್ನೂ ಕೆಳಗಿನ ಅಕ್ಷರಗಳನ್ನೂ ಕತ್ತರಿಸಿ ತೆಗೆದಳು. ಗಾಜು, ಫ್ರೇಮು, ಕತ್ತರಿಸಿದ ಚೂರು ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಗೇಟಿನ ಹೊರಗೆ ಇಟ್ಟುಬಂದಳು.